ಮುಚ್ಚದ ಗೇಟು: ಲಿವರ್ ಕ್ಯಾನ್ಸರ್ ಮತ್ತು ಬೆಳವಣಿಗೆಯ ಸಂಕೇತಗಳು

(ವಿಜಯಪುರದಲ್ಲಿ ಒಂದು ಭಾನುವಾರ ಸಂಜೆ ಸಾರ್ವಜನಿಕರಿಗಾಗಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಪೆಥಾಲಜಿ ವೈದ್ಯೆ. ರೋಗಿಗಳ ಮುಖ ನನಗೆ ಕಾಣುವುದು ಅಪರೂಪ. ನನ್ನ ಮೇಜಿಗೆ ಬರುವುದು ಅವರ ದೇಹದಿಂದ ತೆಗೆದ ಚೂರು. ಲಿವರಿನದಾದರೆ ಅದು ಶಾವಿಗೆ ಎಳೆಯಷ್ಟು ದಪ್ಪ, ಎರಡು ಸೆಂಟಿಮೀಟರಿನಷ್ಟು ಉದ್ದ ಇರುತ್ತದೆ. ಆ ಎಳೆಯನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಬ್ಬ ಮನುಷ್ಯನ ಇಪ್ಪತ್ತು ವರ್ಷದ ಕಥೆ ಕಾಣುತ್ತದೆ. ವರದಿ ಬರೆದು ಕಳಿಸಿದ ಮೇಲೆ ಕೆಲವು ಸಲ ಮನೆಯವರು ಪ್ರಯೋಗಾಲಯದ ಬಾಗಿಲಿಗೇ ಬಂದು ನಿಲ್ಲುತ್ತಾರೆ. "ನಮ್ಮಪ್ಪ ಒಂದು ಹನಿ ಕುಡದವರಲ್ಲರಿ ಮೇಡಂ, ಅವರಿಗ್ಯಾಕ ಬಂತು?" ಈ ಪ್ರಶ್ನೆಗೆ ಬಾಗಿಲಲ್ಲಿ ನಿಂತು ಉತ್ತರ ಕೊಡಲು ಆಗುವುದಿಲ್ಲ. ಇವತ್ತು ಒಂದು ಗಂಟೆ ಸಿಕ್ಕಿದೆ, ಕೂತು ಹೇಳುತ್ತೇನೆ.

ಲಿವರ್ ಅಂದರೆ ಯಕೃತ್ತು, ಪಿತ್ತಜನಕಾಂಗ. ಪುಸ್ತಕದಲ್ಲಿ ಹಾಗೆ ಬರೆದರೂ ನಮ್ಮ ಬಾಯಲ್ಲಿ ಲಿವರೇ. ನಾನೂ ಹಾಗೇ ಕರೆಯುತ್ತೇನೆ. ಇದರ ಕ್ಯಾನ್ಸರನ್ನು ತಿಳಿಯಬೇಕಾದರೆ ಮೊದಲು ಇದರ ಒಂದು ಶಕ್ತಿಯನ್ನು ತಿಳಿಯಬೇಕು. ನಮ್ಮ ದೇಹದ ದೊಡ್ಡ ಅಂಗಗಳಲ್ಲಿ ಕತ್ತರಿಸಿದರೂ ಮತ್ತೆ ಮೊದಲಿನಷ್ಟೇ ದೊಡ್ಡದಾಗಿ ಬೆಳೆಯುವುದು ಇದೊಂದೇ. 1931ರಲ್ಲಿ ಅಮೆರಿಕದ ಹಿಗ್ಗಿನ್ಸ್ ಮತ್ತು ಆ್ಯಂಡರ್ಸನ್ ಎಂಬ ಇಬ್ಬರು ಇಲಿಗಳ ಲಿವರಿನ ಮೂರರಲ್ಲಿ ಎರಡು ಪಾಲನ್ನು ಕತ್ತರಿಸಿ ತೆಗೆದರು. ಏಳರಿಂದ ಹತ್ತು ದಿನದಲ್ಲಿ ಉಳಿದ ಒಂದು ಪಾಲು ಬೆಳೆದು ಹಳೆಯ ತೂಕಕ್ಕೆ ಬಂತು. ಬಂದ ಮೇಲೆ ಬೆಳವಣಿಗೆ ನಿಂತಿತು. ಇವತ್ತು ಮಗ ತಂದೆಗೆ ಲಿವರ್ ದಾನ ಮಾಡುವುದು ಈ ಶಕ್ತಿಯ ಮೇಲಿನ ಭರವಸೆಯಿಂದಲೇ. ದಾನಿಯಿಂದ ಸುಮಾರು ನೂರಕ್ಕೆ ಅರವತ್ತು ಪಾಲು ತೆಗೆದರೂ ಕೆಲವು ವಾರಗಳಲ್ಲಿ, ತಿಂಗಳುಗಳಲ್ಲಿ ಅದು ತುಂಬಿಕೊಳ್ಳುತ್ತದೆ. ಕತ್ತರಿಸಿದ ಭಾಗ ಚಿಗುರಿ ಬರುವುದಿಲ್ಲ, ಉಳಿದದ್ದೇ ದಪ್ಪಗಾಗಿ ಲೆಕ್ಕ ಸರಿ ಮಾಡುತ್ತದೆ.

ಆರೋಗ್ಯವಂತ ಲಿವರಿನ ಕೋಶಗಳು ಸಾಮಾನ್ಯವಾಗಿ ಒಡೆದು ಎರಡಾಗುವುದಿಲ್ಲ. ರಕ್ತ ಶುದ್ಧ ಮಾಡುವುದು, ಪಿತ್ತ ತಯಾರಿಸುವುದು, ಸಕ್ಕರೆ ಕೂಡಿಡುವುದು, ಹೀಗೆ ತಮ್ಮ ದಿನದ ಕೆಲಸ ಮಾಡಿಕೊಂಡು ತಿಂಗಳುಗಟ್ಟಲೆ ಹಾಗೇ ಇರುತ್ತವೆ. ಒಂದು ಚೂರಿನಲ್ಲಿ ಸಾವಿರಾರು ಕೋಶ ನೋಡಿದರೂ ವಿಭಜನೆಯಾಗುತ್ತಿರುವುದು ಒಂದು ಸಿಕ್ಕೀತು, ಸಿಗದೆಯೂ ಇದ್ದೀತು. ಹಾಗಾದರೆ ಕತ್ತರಿ ಬಿದ್ದ ಮರುಕ್ಷಣ ಇವನ್ನೆಲ್ಲ ಎಬ್ಬಿಸಿದ್ದು ಯಾರು?

ನಾನು ಮುಧೋಳ ತಾಲೂಕಿನವಳು. ಘಟಪ್ರಭಾ ಕಾಲುವೆಯ ನೀರು ಕುಡಿದ ಕಬ್ಬಿನ ನಡುವೆ ಬೆಳೆದವಳು. ಹಾಗಾಗಿ ಇದು ನನಗೆ ಕಾಲುವೆಯ ಭಾಷೆಯಲ್ಲೇ ಅರ್ಥವಾಗುತ್ತದೆ. ದೊಡ್ಡ ಕಾಲುವೆಯಲ್ಲಿ ನೀರು ಎಷ್ಟೇ ಹರಿಯಲಿ, ಅದು ತಾನಾಗಿ ಹೊಲಕ್ಕೆ ಬರುವುದಿಲ್ಲ. ತೂಬಿನ ಗೇಟು ಎತ್ತಬೇಕು. ಗೇಟು ಎತ್ತುವ ಕೀಲಿ ರೈತನ ಕೈಯಲ್ಲಿ ಇರುವುದಿಲ್ಲ, ನೀರಗಂಟಿಯ ಕೈಯಲ್ಲಿ ಇರುತ್ತದೆ. ಸರದಿ ಬಂದಾಗ ಅವನು ಬಂದು ಎತ್ತುತ್ತಾನೆ, ಸರದಿ ಮುಗಿದ ಮೇಲೆ ಇಳಿಸುತ್ತಾನೆ. ಲಿವರ್ ಕೋಶದ ಹೊರಪೊರೆಯ ಮೇಲೂ ಇಂಥ ಗೇಟುಗಳಿವೆ, ಅವಕ್ಕೆ ಗ್ರಾಹಕಗಳು ಅನ್ನುತ್ತೇವೆ. ಬಂದು ಎತ್ತುವ ನೀರಗಂಟಿಗಳು ಬೆಳವಣಿಗೆಯ ಅಂಶಗಳು. ಇವು ರಕ್ತದಲ್ಲಿ, ಕೋಶಗಳ ನಡುವೆ ಓಡಾಡುವ ಸಣ್ಣ ಪ್ರೋಟೀನುಗಳು.

ಈ ಪ್ರೋಟೀನುಗಳಲ್ಲಿ ಲಿವರಿಗೆ ಹತ್ತಿರದ್ದು ಎಚ್‌ಜಿಎಫ್. 1984ರಲ್ಲಿ ಜಪಾನಿನ ನಕಾಮುರಾ ಮತ್ತು ಸಂಗಡಿಗರು ಲಿವರ್ ಕತ್ತರಿಸಿದ ಇಲಿಗಳ ರಕ್ತದಿಂದ ಇದನ್ನು ಬೇರ್ಪಡಿಸಿದರು. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಸ್ಟೋಕರ್ ಎಂಬವರು ಬೇರೊಂದು ದಾರಿಯಲ್ಲಿ ಹೋಗುತ್ತಾ, ಒತ್ತೊತ್ತಾಗಿ ಕೂತ ಕೋಶಗಳನ್ನು ಚದುರಿಸಿ ಓಡಾಡಿಸುವ ಒಂದು ಅಂಶವನ್ನು ಕಂಡರು. ಹೆಸರು ಬೇರೆ ಬೇರೆ ಇಟ್ಟರು. ಆಮೇಲೆ ನೋಡಿದರೆ ಎರಡೂ ಒಂದೇ! ಬೆಳೆಸುವುದೂ ಅದೇ, ಚದುರಿಸುವುದೂ ಅದೇ. ಅದು ಕೂರುವ ಗೇಟು ಯಾವುದು ಎಂದು 1991ರಲ್ಲಿ ಗೊತ್ತಾಯಿತು. ಅದರ ಹೆಸರು ಮೆಟ್. ಕ್ಯಾನ್ಸರ್ ಸಂಶೋಧಕರಿಗೆ ಮೆಟ್ ಏಳು ವರ್ಷ ಮೊದಲೇ ಪರಿಚಯವಿತ್ತು. ಕ್ಯಾನ್ಸರ್ ಹುಟ್ಟಿಸುವ ಜೀನ್ ಎಂದೇ ಅದನ್ನು ಪಟ್ಟಿಗೆ ಸೇರಿಸಿದ್ದರು. ಗಾಯ ಮಾಗಿಸುವ ಗೇಟು ಮತ್ತು ಗಡ್ಡೆ ಬೆಳೆಸುವ ಗೇಟು ಎರಡೂ ಒಂದೇ ಎಂದು ಓದಿದ ದಿನ ನಾನಿನ್ನೂ ವಿದ್ಯಾರ್ಥಿನಿ. ಆ ರಾತ್ರಿ ನನಗೆ ನಿದ್ದೆ ಹತ್ತಿರಲಿಲ್ಲ.

ಗೇಟು ತೆರೆದಾಗ ಒಳಗೆ ಏನಾಗುತ್ತದೆ? ಎಚ್‌ಜಿಎಫ್ ಬಂದು ಕೂತರೆ ಎರಡು ಮೆಟ್‌ಗಳು ಹತ್ತಿರ ಸರಿದು ಜೋಡಿಯಾಗುತ್ತವೆ. ಒಂದರ ಬಾಲಕ್ಕೆ ಇನ್ನೊಂದು ಫಾಸ್ಫೇಟ್ ಎಂಬ ಗುರುತನ್ನು ಒತ್ತುತ್ತದೆ. ಕಚೇರಿಯಲ್ಲಿ ಅರ್ಜಿಯ ಮೇಲೆ ಠಸ್ಸೆ ಒತ್ತಿದಂತೆ. ಠಸ್ಸೆ ಬಿದ್ದ ಪ್ರೋಟೀನು ಮುಂದಿನದಕ್ಕೆ ಒತ್ತುತ್ತದೆ, ಅದು ಅದರ ಮುಂದಿನದಕ್ಕೆ. ಹೀಗೆ ಸುದ್ದಿ ಕೋಶದ ನಡುವಿನ ಡಿಎನ್‌ಎವರೆಗೆ ಹೋಗುತ್ತದೆ. ಕಾಲುವೆ ಕವಲೊಡೆಯುವ ಹಾಗೆ ಈ ದಾರಿಗೂ ಕವಲುಗಳಿವೆ. ರಾಸ್, ರಾಫ್, ಮೆಕ್, ಅರ್ಕ್ ಎಂಬ ಸಾಲು ಕೋಶವನ್ನು ವಿಭಜನೆಗೆ ತಳ್ಳುತ್ತದೆ. ಪಿಐ3ಕೆ, ಎಕೆಟಿ, ಎಮ್‌ಟಾರ್ ಎಂಬ ಸಾಲು ಸಾಯಬೇಡ, ಉಣ್ಣು, ದಪ್ಪಗಾಗು ಅನ್ನುತ್ತದೆ. ಈ ಹೆಸರುಗಳನ್ನು ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ. ಎರಡು ಕವಲು ಇವೆ, ಅವುಗಳ ನಡುವೆ ಅಡ್ಡಗಾಲುವೆಗಳೂ ಇವೆ ಎನ್ನುವುದು ನೆನಪಿರಲಿ, ಔಷಧದ ಮಾತು ಬಂದಾಗ ಬೇಕಾಗುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಲಿವರ್ ಕೋಶ ತನಗೆ ತಾನೇ ಬೆಳೆ ಎಂದು ಹೇಳಿಕೊಳ್ಳುವುದಿಲ್ಲ. ಎಚ್‌ಜಿಎಫ್ ತಯಾರಿಸುವುದು ಪಕ್ಕದ ಕೋಶಗಳು. ಅವಕ್ಕೆ ನಕ್ಷತ್ರಕೋಶ ಅನ್ನೋಣ. ಎ ಜೀವಸತ್ವವನ್ನು ಹನಿಹನಿಯಾಗಿ ಹೊಟ್ಟೆಯಲ್ಲಿ ಇಟ್ಟುಕೊಂಡು ರಕ್ತನಾಳದ ಬದಿಗೆ ಸುಮ್ಮನೆ ಕೂತಿರುವ ಕೋಶಗಳು ಇವು. ತಯಾರಾದ ಎಚ್‌ಜಿಎಫ್ ಕೂಡ ಬೀಗ ಹಾಕಿದ ಸ್ಥಿತಿಯಲ್ಲಿ ಕೋಶಗಳ ನಡುವಿನ ಜಾಲದಲ್ಲಿ ಶೇಖರವಾಗಿರುತ್ತದೆ. ಗಾಯವಾದಾಗ ಯುರೋಕೈನೇಸ್ ಎಂಬ ಕಿಣ್ವ ನಿಮಿಷಗಳಲ್ಲಿ ಎದ್ದು ಆ ಬೀಗ ತೆಗೆಯುತ್ತದೆ. ಗಾಯ ಮಾಗಿದ ಮೇಲೆ ಟಿಜಿಎಫ್ ಬೀಟಾ ಎಂಬ ಇನ್ನೊಂದು ಅಂಶ ಸಾಕು ಅನ್ನುತ್ತದೆ. ಬೆಳೆಯುವವನು ಒಬ್ಬ, ಬೆಳೆ ಅನ್ನುವವನು ಇನ್ನೊಬ್ಬ, ಸಾಕು ಅನ್ನುವವನು ಮತ್ತೊಬ್ಬ. ಮೂವರ ನಡುವಿನ ಈ ಏರ್ಪಾಡು ಕೆಟ್ಟುಹೋಗುವ ಕಥೆಯೇ ಲಿವರ್ ಕ್ಯಾನ್ಸರ್.

ಶಸ್ತ್ರಚಿಕಿತ್ಸೆಯ ಗಾಯ ಒಂದು ಸಲದ್ದು, ಮಾಗುತ್ತದೆ. ಆದರೆ ಗಾಯ ನಿಲ್ಲದೇ ಹೋದರೆ? ಹೆಪಟೈಟಿಸ್ ಬಿ ವೈರಸ್ ಒಳಗೆ ಕೂತು ದಿನವೂ ಒಂದಿಷ್ಟು ಕೋಶಗಳಿಗೆ ಉರಿಯೂತ ತಂದರೆ? ದಿನವೂ ಸಾರಾಯಿ ಬಿದ್ದರೆ? ಕೊಬ್ಬು ತುಂಬಿ ಉರಿಯೂತ ಎದ್ದರೆ? ಆಗ ಗೇಟು ಇಳಿಸುವ ಸರದಿಯೇ ಬರುವುದಿಲ್ಲ. ನಮ್ಮ ಕಡೆಯ ರೈತರಿಗೆ ಇದನ್ನು ನಾನು ವಿವರಿಸಬೇಕಿಲ್ಲ. ಹದವಾಗಿ ಬಂದ ನೀರು ಬೆಳೆ ಕೊಟ್ಟಿತು, ನಿಲ್ಲದೆ ಬಂದ ನೀರು ಅದೇ ಹೊಲವನ್ನು ಸವಳು-ಜವಳು ಮಾಡಿತು. ನಮ್ಮೂರ ಕೆಳಗಿನ ಹೊಲಗಳ ಮೇಲೆ ಬೇಸಿಗೆಯಲ್ಲಿ ಬಿಳಿ ಉಪ್ಪು ಎದ್ದು ನಿಲ್ಲುವುದನ್ನು ನೋಡುತ್ತಲೇ ನಾನು ಶಾಲೆಗೆ ಹೋದೆ. ಲಿವರಿನ ಸವಳಿಗೆ ಸಿರೋಸಿಸ್ ಎಂದು ಹೆಸರು. ಆ ನಕ್ಷತ್ರಕೋಶಗಳು ಪಿಡಿಜಿಎಫ್ ಎಂಬ ಬೆಳವಣಿಗೆಯ ಅಂಶ ಮತ್ತು ಟಿಜಿಎಫ್ ಬೀಟಾದ ಕರೆಗೆ ಓಗೊಟ್ಟು ತಮ್ಮ ಎ ಜೀವಸತ್ವವನ್ನು ಕಳೆದುಕೊಂಡು, ಹಗ್ಗ ಹೊಸೆಯುವ ಕೋಶಗಳಾಗಿಬಿಡುತ್ತವೆ. ಹಗ್ಗದಂಥ ನಾರು ಲಿವರನ್ನು ಗಂಟುಗಂಟಾಗಿ ಕಟ್ಟಿಹಾಕುತ್ತದೆ. ಒಂದೊಂದು ಗಂಟಿನೊಳಗೂ ಸಿಕ್ಕಿಬಿದ್ದ ಕೋಶಗಳು ಬೆಳೆ, ಬೆಳೆ ಎನ್ನುವ ಕೂಗನ್ನು ಕೇಳುತ್ತಾ ವಿಭಜನೆ ಆಗುತ್ತಲೇ ಇರುತ್ತವೆ. ಪ್ರತಿ ಸಲ ಒಡೆದಾಗಲೂ ಡಿಎನ್‌ಎ ನಕಲು ಮಾಡಬೇಕು. ಸುತ್ತ ಉರಿಯೂತದ ಹೊಗೆ ಇರುವಾಗ ನಕಲಿನಲ್ಲಿ ತಪ್ಪು ಬೀಳುತ್ತದೆ. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರಿನಲ್ಲಿ ನೂರಕ್ಕೆ ಎಂಬತ್ತರಷ್ಟು ಇಂಥ ಗಂಟುಕಟ್ಟಿದ ಲಿವರಿನಲ್ಲೇ ಹುಟ್ಟುತ್ತದೆ. ಬಾಗಿಲಲ್ಲಿ ನಿಂತು ಕೇಳಿದ ಆ ಮಗನಿಗೆ ನಾನು ಹೇಳಬೇಕಾಗಿದ್ದ ಮಾತು ಇದು: ನಿಮ್ಮ ತಂದೆಯ ಲಿವರ್ ಇಪ್ಪತ್ತು ವರ್ಷ ತನ್ನ ಗಾಯವನ್ನು ತಾನೇ ಮಾಗಿಸಿಕೊಳ್ಳಲು ಹೆಣಗಿದೆ, ಗಾಯ ಮಾಡುವವನು ನಿಲ್ಲಿಸಲಿಲ್ಲ.

ಇಲ್ಲಿಂದ ಮುಂದೆ ಕ್ಯಾನ್ಸರ್ ಕೋಶ ಒಂದು ದೊಡ್ಡ ನಿಯಮ ಮುರಿಯುತ್ತದೆ. ಹೊರಗಿನ ಆಜ್ಞೆಗೆ ಕಾಯುವುದನ್ನು ಬಿಟ್ಟು, ತನಗೆ ಬೇಕಾದ ಸಂಕೇತವನ್ನು ತಾನೇ ತಯಾರಿಸುತ್ತದೆ. ಈ ಊರಿನಲ್ಲಿ ಗೋಳಗುಮ್ಮಟ ಹತ್ತದವರು ಯಾರೂ ಇರಲಿಕ್ಕಿಲ್ಲ. ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಂತು ಕೂಗಿದ ಹುಡುಗನಿಗೆ ಅವನದೇ ದನಿ ಸುತ್ತಿ ಸುತ್ತಿ ವಾಪಸು ಬರುತ್ತದಲ್ಲ, ಅದನ್ನು ಅವನು ಯಾರೋ ಹಿರಿಯರ ಅಪ್ಪಣೆ ಎಂದು ತಿಳಿದು ಪಾಲಿಸುತ್ತಾ ಹೋದರೆ ಹೇಗಿರುತ್ತದೋ ಹಾಗೆ. ಐಜಿಎಫ್ 2 ಎಂಬ ಅಂಶ ತಾಯಿಯ ಗರ್ಭದಲ್ಲಿರುವ ಮಗುವಿನ ಲಿವರಿನಲ್ಲಿ ಧಾರಾಳವಾಗಿರುತ್ತದೆ. ಹುಟ್ಟಿದ ಮೇಲೆ ಅದರ ಆ ಧಾರಾಳ ನಿಲ್ಲುತ್ತದೆ. ಎಷ್ಟೋ ಲಿವರ್ ಗಡ್ಡೆಗಳಲ್ಲಿ ಅದು ಮತ್ತೆ ಎದ್ದು ಕೂತಿರುತ್ತದೆ. ಟಿಜಿಎಫ್ ಆಲ್ಫಾ ಇನ್ನೊಂದು. ಇದನ್ನು ಹೆಚ್ಚು ತಯಾರಿಸುವಂತೆ ಬದಲಾಯಿಸಿದ ಇಲಿಗಳಲ್ಲಿ ಲಿವರ್ ಗಡ್ಡೆಗಳೇ ಹುಟ್ಟಿದವು. ಲಿವರ್ ಕ್ಯಾನ್ಸರ್ ಸಂಶಯ ಬಂದಾಗ ಎಎಫ್‌ಪಿ ಎಂಬ ರಕ್ತಪರೀಕ್ಷೆ ಬರೆಯುತ್ತಾರೆ, ನಿಮ್ಮಲ್ಲಿ ಕೆಲವರು ಮಾಡಿಸಿರಬಹುದು. ಅದೂ ಗರ್ಭದ ಮಗುವಿನ ಪ್ರೋಟೀನೇ. ಲಿವರ್ ಗಡ್ಡೆ ಅದನ್ನು ಮತ್ತೆ ತಯಾರಿಸುತ್ತದೆ ಎಂದು ಮಾಸ್ಕೋದ ಅಬೆಲೆವ್ 1963ರಲ್ಲಿ ಇಲಿಗಳಲ್ಲಿ ತೋರಿಸಿದರು. ಐವತ್ತು ವರ್ಷದ ಮನುಷ್ಯನ ಹೊಟ್ಟೆಯಲ್ಲಿ ಒಂದು ಗುಂಪು ಕೋಶಗಳು ತಾವಿನ್ನೂ ಗರ್ಭದಲ್ಲಿದ್ದೇವೆ, ಬೆಳೆಯುವುದೊಂದೇ ಕೆಲಸ ಎಂದುಕೊಂಡಿರುತ್ತವೆ.

ಸಾಕು ಅನ್ನಬೇಕಾದ ಟಿಜಿಎಫ್ ಬೀಟಾದ ಕಥೆ ಇನ್ನೂ ನೋವಿನದು. ಮೊದಮೊದಲು ಅದು ಗಡ್ಡೆಯನ್ನು ತಡೆಯುತ್ತದೆ. ಗಡ್ಡೆಯ ಕೋಶಗಳು ಅದರ ಮಾತಿಗೆ ಕಿವಿ ಮುಚ್ಚಿಕೊಳ್ಳಲು ಕಲಿತ ಮೇಲೆ ಅದೇ ಅಂಶ ಅವುಗಳಿಗೆ ನಾರಿನ ಬೇಲಿ ಕಟ್ಟಿಕೊಡುತ್ತದೆ, ರೋಗನಿರೋಧಕ ಕೋಶಗಳನ್ನು ಮಂಕಾಗಿಸುತ್ತದೆ, ಬೇರೆ ಕಡೆ ಹಬ್ಬಲು ದಾರಿ ಮಾಡುತ್ತದೆ.

ಆಮೇಲೆ ರಕ್ತ. ಲಿವರಿಗೆ ಎರಡು ಕಡೆಯಿಂದ ರಕ್ತ ಬರುತ್ತದೆ. ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ಅಭಿಧಮನಿಯಿಂದ, ಕಾಲು ಪಾಲು ಹೃದಯದ ಕಡೆಯ ಅಪಧಮನಿಯಿಂದ. ಗಡ್ಡೆ ಬೆಳೆದಂತೆ ವಿಇಜಿಎಫ್ ಎಂಬ ಅಂಶವನ್ನು ಸುರಿಸಿ ತನಗಾಗಿ ಹೊಸ ನಾಳಗಳನ್ನು ಎಳೆದುಕೊಳ್ಳುತ್ತದೆ. ಆ ನಾಳಗಳಿಗೆ ರಕ್ತ ಬರುವುದು ಬಹುಪಾಲು ಅಪಧಮನಿಯಿಂದಲೇ. ಸಿಟಿ ಸ್ಕ್ಯಾನಿನಲ್ಲಿ ಬಣ್ಣದ ದ್ರವ ಬಿಟ್ಟಾಗ ಗಡ್ಡೆ ಮೊದಲು ಫಳ್ಳನೆ ಹೊಳೆದು, ಸುತ್ತಲಿನ ಲಿವರ್ ಬೆಳಗುವ ಹೊತ್ತಿಗೆ ತಾನು ಮಂಕಾಗುವುದು ಈ ಕಾರಣಕ್ಕೆ. ಸಿರೋಸಿಸ್ ಇದ್ದವರಲ್ಲಿ ಈ ಚಿತ್ರ ಸ್ಪಷ್ಟವಾಗಿದ್ದರೆ ನನ್ನ ಶಾವಿಗೆ ಎಳೆಯೇ ಬೇಕಾಗುವುದಿಲ್ಲ, ಸ್ಕ್ಯಾನಿನಿಂದಲೇ ರೋಗ ನಿರ್ಧಾರವಾಗುತ್ತದೆ. ಆ ಅಪಧಮನಿಯೊಳಗೆ ಸಣ್ಣ ಕೊಳವೆ ತೂರಿಸಿ, ಔಷಧ ಬಿಟ್ಟು, ಅಲ್ಲೇ ರಕ್ತದ ದಾರಿ ಮುಚ್ಚುವ ಚಿಕಿತ್ಸೆಗೂ ಇದೇ ಆಧಾರ. ಉಳಿದ ಲಿವರ್ ಪೋರ್ಟಲ್ ರಕ್ತದಿಂದ ಬದುಕಿಕೊಳ್ಳುತ್ತದೆ.

ಈಗ ಗುಳಿಗೆಗಳ ಮಾತು. ಶಸ್ತ್ರಚಿಕಿತ್ಸೆಗೆ ಮೀರಿದ ಲಿವರ್ ಕ್ಯಾನ್ಸರಿಗೆ 2007ರವರೆಗೆ ಆಯುಷ್ಯ ಹೆಚ್ಚಿಸುತ್ತದೆ ಎಂದು ಸಾಬೀತಾದ ಗುಳಿಗೆ ಒಂದೂ ಇರಲಿಲ್ಲ. ಆಗ ಸೊರಾಫೆನಿಬ್ ಬಂತು. ಇದು ರಾಫ್ ಎಂಬ ಠಸ್ಸೆಯನ್ನೂ, ವಿಇಜಿಎಫ್ ಮತ್ತು ಪಿಡಿಜಿಎಫ್ ಗೇಟುಗಳನ್ನೂ ಒಟ್ಟಿಗೆ ಅಡ್ಡಗಟ್ಟುತ್ತದೆ. 602 ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬದುಕಿನ ಮಧ್ಯಮ ಅವಧಿ, ಅಂದರೆ ಅರ್ಧದಷ್ಟು ರೋಗಿಗಳು ದಾಟಿದ ಅವಧಿ, 7.9 ತಿಂಗಳಿಂದ 10.7 ತಿಂಗಳಿಗೆ ಏರಿತು. ಸುಮಾರು ಮೂರು ತಿಂಗಳು. ಇಷ್ಟೇನಾ ಎಂದು ಕೇಳುವವರಿದ್ದಾರೆ. ಮಗಳ ಮದುವೆ ಗೊತ್ತಾದ ಮನೆಯಲ್ಲಿ ಮೂರು ತಿಂಗಳು ಎಂದರೆ ಎಷ್ಟು ಎಂದು ಆ ಮನೆಯವರೇ ಹೇಳಬೇಕು. ಆದರೆ ಆ ಮೂರು ತಿಂಗಳ ಬೆಲೆ ಭಾರತದಲ್ಲಿ ತಿಂಗಳಿಗೆ ಸುಮಾರು 2,80,000 ರೂಪಾಯಿ ಇತ್ತು! 2012ರ ಮಾರ್ಚ್ 9ರಂದು ನಮ್ಮ ಪೇಟೆಂಟ್ ನಿಯಂತ್ರಕರು ದೇಶದ ಮೊದಲ ಕಡ್ಡಾಯ ಪರವಾನಗಿಯನ್ನು, ಅಂದರೆ ಪೇಟೆಂಟ್ ಇದ್ದವರ ಒಪ್ಪಿಗೆ ಇಲ್ಲದೆಯೂ ಬೇರೆಯವರು ತಯಾರಿಸಬಹುದು ಎಂಬ ಅನುಮತಿಯನ್ನು, ಇದೇ ಔಷಧಕ್ಕೆ ಕೊಟ್ಟರು. ಪೇಟೆಂಟ್ ಇದ್ದದ್ದು ಬೇಯರ್ ಕಂಪನಿಯದು, ತಯಾರಿಸಲು ಅನುಮತಿ ಸಿಕ್ಕಿದ್ದು ಹೈದರಾಬಾದಿನ ನ್ಯಾಟ್ಕೊಗೆ, ತಿಂಗಳಿಗೆ ಬೇಕಾದ 120 ಗುಳಿಗೆಗೆ 8,880 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂಬ ಷರತ್ತಿನ ಮೇಲೆ. ಭಾರತದ ಔಷಧ ಕಾನೂನಿನ ಚರಿತ್ರೆಯಲ್ಲಿ ಇಷ್ಟು ದೊಡ್ಡ ಮಾತು ಲಿವರ್ ಕ್ಯಾನ್ಸರಿನ ಹೆಸರಲ್ಲಿ ಆಗಿದೆ ಎಂಬುದು ನಮಗೆ ಗೊತ್ತಿರಬೇಕು. ಪ್ರಯೋಗಾಲಯದ ಸಂಶೋಧನೆ ಎಷ್ಟು ಮುಖ್ಯವೋ ಅದು ರೋಗಿಯ ಕೈಗೆ ಎಟಕುವುದೂ ಅಷ್ಟೇ ಮುಖ್ಯ ಎಂದು ನಾನು ನಂಬಿದ್ದೇನೆ.

ಈ ಗುಳಿಗೆ ತೆಗೆದುಕೊಳ್ಳುವ ಹಲವು ರೈತರಿಗೆ ಅಂಗೈ, ಅಂಗಾಲು ಕೆಂಪಾಗಿ, ಬೊಬ್ಬೆ ಎದ್ದು, ಬಿರುಕು ಬಿಡುತ್ತದೆ. ಎಷ್ಟೋ ಜನ ನಂಜು ಎಂದು ತಿಳಿದು ಗುಳಿಗೆಯನ್ನೇ ಬಿಟ್ಟುಬಿಡುತ್ತಾರೆ. ಕಾರಣ ಇಷ್ಟು: ದಿನವೂ ಒತ್ತಡ ಬೀಳುವ ಜಾಗದಲ್ಲಿ ಚರ್ಮದ ಸಣ್ಣ ನಾಳಗಳು ದಿನವೂ ರಿಪೇರಿ ಆಗುತ್ತಿರಬೇಕು. ಆ ರಿಪೇರಿಗೂ ಬೇಕಾಗುವುದು ಇದೇ ವಿಇಜಿಎಫ್, ಪಿಡಿಜಿಎಫ್ ಸಂಕೇತಗಳು. ಗಡ್ಡೆಯ ಗೇಟು ಮುಚ್ಚಲು ಹೋಗಿ ಅಂಗಾಲಿನ ಗೇಟೂ ಮುಚ್ಚಿರುತ್ತೇವೆ. ಗುಳಿಗೆ ಶುರುವಾದ ದಿನದಿಂದಲೇ ಮೆತ್ತನೆಯ ಚಪ್ಪಲಿ, ಯೂರಿಯಾ ಇರುವ ಮುಲಾಮು, ಬಿಸಿನೀರು ತಾಗದಂತೆ ಎಚ್ಚರ, ಇಷ್ಟಿದ್ದರೆ ಬಹಳ ಜನ ತಡೆದುಕೊಳ್ಳುತ್ತಾರೆ. ಹೆಚ್ಚಾದರೆ ಪ್ರಮಾಣ ತಗ್ಗಿಸಲು ವೈದ್ಯರಿಗೆ ಹೇಳಿ, ನೀವಾಗಿ ಬಿಡಬೇಡಿ.

ಸೊರಾಫೆನಿಬ್ ನಂತರ ಹತ್ತು ವರ್ಷ ಸೋಲಿನ ಮೇಲೆ ಸೋಲು. ಇಜಿಎಫ್ ಎಂಬ ಇನ್ನೊಂದು ಬೆಳವಣಿಗೆಯ ಅಂಶದ ಗೇಟು ಮುಚ್ಚುವ ಎರ್ಲೊಟಿನಿಬ್ ಸೇರಿಸಿ ನೋಡಿದರು, ಆಯುಷ್ಯ ಹೆಚ್ಚಲಿಲ್ಲ. ಮೆಟ್ ಹೆಚ್ಚಿರುವ ಗಡ್ಡೆಗಳನ್ನೇ ಆರಿಸಿ ಟಿವಾಂಟಿನಿಬ್ ಕೊಟ್ಟು ನೋಡಿದರು, ಅದೂ ಸೋತಿತು. ಯಾಕೆ? ಒಂದು ಕವಲು ಮುಚ್ಚಿದಾಗ ನೀರು ಅಡ್ಡಗಾಲುವೆ ಹಿಡಿದು ಇನ್ನೊಂದು ಕವಲಿಗೆ ನುಗ್ಗುತ್ತದೆ. ಲೆನ್ವಾಟಿನಿಬ್ ಎಂಬ ಗುಳಿಗೆ 2018ರಲ್ಲಿ ಬಂತು, ವಿಇಜಿಎಫ್ ಜೊತೆಗೆ ಎಫ್‌ಜಿಎಫ್ ಗೇಟುಗಳನ್ನೂ ಮುಚ್ಚುತ್ತದೆ. ಎಫ್‌ಜಿಎಫ್ ಗೇಟು ಮುಚ್ಚಿದೊಡನೆ ಕೆಲವು ಗಡ್ಡೆಗಳಲ್ಲಿ ಇಜಿಎಫ್ ಗೇಟು ತಾನಾಗಿ ಎದ್ದು ನಿಲ್ಲುತ್ತದೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಎರಡನ್ನೂ ಒಟ್ಟಿಗೆ ಮುಚ್ಚಿದರೆ ಅಂಥ ಗಡ್ಡೆ ಕುಗ್ಗಬಹುದು ಎಂಬ ದಾರಿ ಅಲ್ಲಿ ಕಂಡಿತು. ಇನ್ನೊಂದು ದಾರಿ, 2020ರಿಂದ ಬಳಕೆಗೆ ಬಂದದ್ದು: ವಿಇಜಿಎಫನ್ನು ರಕ್ತದಲ್ಲೇ ಹಿಡಿದುಹಾಕುವ ಬೆವಾಸಿಜುಮ್ಯಾಬ್, ಅದರ ಜೊತೆಗೆ ನಿರೋಧಕ ಕೋಶಗಳ ಬ್ರೇಕು ಬಿಡಿಸುವ ಅಟೆಜೊಲಿಜುಮ್ಯಾಬ್. ಇಬ್ಬರೂ ಸೇರಿದಾಗ ಮಧ್ಯಮ ಅವಧಿ 19.2 ತಿಂಗಳು, ಅದೇ ಪ್ರಯೋಗದಲ್ಲಿ ಸೊರಾಫೆನಿಬ್ ಪಡೆದವರಲ್ಲಿ 13.4. ವಿಇಜಿಎಫ್ ನಾಳಗಳನ್ನು ಬೆಳೆಸುವುದಷ್ಟೇ ಅಲ್ಲ, ನಿರೋಧಕ ಕೋಶಗಳು ಗಡ್ಡೆಯೊಳಗೆ ಬರದಂತೆಯೂ ತಡೆಯುತ್ತದೆ. ಆ ತಡೆ ಸರಿದರೆ ಇವು ಒಳಗೆ ಹೋಗಿ ಕೆಲಸ ಮಾಡುತ್ತವೆ. ಈ ಔಷಧ ಕೊಡುವ ಮೊದಲು ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿವೆಯೇ ಎಂದು ಎಂಡೋಸ್ಕೋಪಿ ಮಾಡಿ ನೋಡಲೇಬೇಕು, ರಕ್ತಸ್ರಾವದ ಅಪಾಯವಿದೆ.

ಇಷ್ಟೆಲ್ಲ ಔಷಧಗಳ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನನ್ನ ಮನಸ್ಸು ಇರುವುದು ಇದಕ್ಕಿಂತ ಇಪ್ಪತ್ತು ವರ್ಷ ಹಿಂದಿನ ಜಾಗದಲ್ಲಿ. ಗೇಟನ್ನು ಮೊದಲು ಎತ್ತಿಸಿದ್ದು ಯಾರೋ, ಅವನ ಹತ್ತಿರ.

ನಾನು ಚಿಕ್ಕವಳಿದ್ದಾಗ ನಮ್ಮ ಊರಿಗೆ ಸೈಕಲ್ಲಿನ ಮೇಲೆ ಒಬ್ಬರು ಬರುತ್ತಿದ್ದರು, ಕೈಚೀಲದಲ್ಲಿ ಒಂದು ಗಾಜಿನ ಸಿರಿಂಜು. ಜ್ವರಕ್ಕೂ ಅದೇ, ಸುಸ್ತಿಗೂ ಅದೇ, ಓಣಿಗೆಲ್ಲ ಒಂದೇ ಸೂಜಿ. ನಮ್ಮ ದೊಡ್ಡಪ್ಪನಿಗೆ ಸೂಜಿ ಎಂದರೆ ಬಲು ನಂಬಿಕೆ. ಐವತ್ತೆರಡಕ್ಕೆ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಹೋದರು. ಕಾಮಣಿ ಎಂದು ಊರಿನಲ್ಲಿ ಸೊಪ್ಪಿನ ರಸ ಕುಡಿಸಿದ್ದರು. ದವಾಖಾನೆಗೆ ಬರುವಷ್ಟರಲ್ಲಿ ಲಿವರಿನಲ್ಲಿ ದೊಡ್ಡ ಗಡ್ಡೆ, ರಕ್ತದಲ್ಲಿ ಹೆಪಟೈಟಿಸ್ ಬಿ. ಅದು ಆ ಸೂಜಿಯಿಂದಲೇ ಬಂತೆಂದು ಯಾರೂ ಸಾಬೀತು ಮಾಡಲಾರರು. ಈ ವೈರಸ್ ತಾಯಿಯಿಂದ ಹೆರಿಗೆಯಲ್ಲಿ ಬರುತ್ತದೆ, ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹತ್ತು ಮಂದಿಗೆ ಹಾಕುವ ಹಚ್ಚೆಯಿಂದಲೂ ಬರುತ್ತದೆ. ಒಟ್ಟಿಗೆ ಉಂಡರೆ, ಮುಟ್ಟಿದರೆ ಬರುವುದಿಲ್ಲ. ದೊಡ್ಡವರಿಗೆ ತಗುಲಿದರೆ ನೂರರಲ್ಲಿ ತೊಂಬತ್ತೈದು ಮಂದಿ ಅದನ್ನು ಹೊರಹಾಕುತ್ತಾರೆ. ಹುಟ್ಟುವಾಗಲೇ ತಗುಲಿದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಅದು ಶಾಶ್ವತವಾಗಿ ನೆಲೆಸುತ್ತದೆ. ವೈರಸ್ಸಿನ ಎಕ್ಸ್ ಎಂಬ ಪ್ರೋಟೀನು ಕೋಶದೊಳಗೆ ಕೂತು, ನೀರಗಂಟಿ ಬರದಿದ್ದರೂ ರಾಸ್ ಕವಲಿನಲ್ಲಿ ನೀರು ಹರಿಸುತ್ತದೆ. ಹುಟ್ಟಿದ 24 ಗಂಟೆಯೊಳಗೆ ಕೊಡುವ ಲಸಿಕೆಯ ಬೆಲೆ ಇಲ್ಲಿ ತಿಳಿಯುತ್ತದೆ. ತೈವಾನ್ 1984ರಲ್ಲಿ ಮೊದಲು ವೈರಸ್ ಇರುವ ತಾಯಂದಿರ ಮಕ್ಕಳಿಗೆ, ಎರಡು ವರ್ಷದ ನಂತರ ಹುಟ್ಟುವ ಮಕ್ಕಳಿಗೆಲ್ಲ ಇದನ್ನು ಕೊಡಲು ಶುರು ಮಾಡಿತು. ಹದಿಮೂರು ವರ್ಷದ ನಂತರ ಲೆಕ್ಕ ಹಾಕಿದಾಗ ಶಾಲಾ ವಯಸ್ಸಿನ ಮಕ್ಕಳ ಲಿವರ್ ಕ್ಯಾನ್ಸರ್ ಸುಮಾರು ಅರ್ಧಕ್ಕೆ ಇಳಿದಿತ್ತು. ಲಸಿಕೆಯಿಂದ ಕ್ಯಾನ್ಸರ್ ಕಡಿಮೆಯಾಗಿದ್ದನ್ನು ಜಗತ್ತು ಮೊದಲು ಕಂಡದ್ದು ಹೀಗೆ. ನಮ್ಮ ದೇಶದಲ್ಲಿ ಇದು 2011ರಿಂದ ಎಲ್ಲ ರಾಜ್ಯಗಳ ಸರ್ಕಾರಿ ಲಸಿಕೆ ಪಟ್ಟಿಯಲ್ಲಿದೆ, ಉಚಿತ.

ಇನ್ನೊಂದು, ನಮ್ಮ ಅಡುಗೆಮನೆಗೆ ಸಂಬಂಧಿಸಿದ್ದು. ಶೇಂಗಾ, ಗೋವಿನಜೋಳ ಹಸಿಯಾಗಿದ್ದಾಗಲೇ ಚೀಲಕ್ಕೆ ತುಂಬಿದರೆ ಹಸಿರು-ಹಳದಿ ಬೂಷ್ಟು ಹಿಡಿಯುತ್ತದೆ. ಅದು ಬಿಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಇದು ಗೊತ್ತಾಯಿತು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆಂದ ಗೋವಿನಜೋಳ ಉಂಡು ನೂರಕ್ಕೂ ಹೆಚ್ಚು ಜನ ಲಿವರ್ ಕೆಟ್ಟು ತೀರಿಕೊಂಡರು. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಈ ವಿಷ ಪಿ53 ಎಂಬ ಕಾವಲು ಜೀನಿನ 249ನೇ ಜಾಗಕ್ಕೇ ಹೋಗಿ ಹೊಡೆಯುತ್ತದೆ. ಗೇಟು ತೆರೆದೇ ಇದ್ದಾಗ ಕೋಶವನ್ನು ತಡೆದು ನಿಲ್ಲಿಸಬೇಕಾದ ಕಾವಲುಗಾರ ಅದು. ಶಾಂಘೈಯ ಸುಮಾರು 18 ಸಾವಿರ ಗಂಡಸರನ್ನು ಗಮನಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ವಿಷ ಒಂದೇ ಇದ್ದವರಿಗೆ ಲಿವರ್ ಕ್ಯಾನ್ಸರಿನ ಅಪಾಯ ಮೂರು ಪಟ್ಟಿಗೂ ಮೇಲೆ, ವೈರಸ್ ಒಂದೇ ಇದ್ದವರಿಗೆ ಏಳು ಪಟ್ಟು, ಎರಡೂ ಇದ್ದವರಿಗೆ ಸುಮಾರು ಅರವತ್ತು ಪಟ್ಟು ಎಂದು ಕಂಡಿತು! ಹುರಿದರೆ, ಬೇಯಿಸಿದರೆ ಈ ವಿಷ ಪೂರ್ತಿ ಹೋಗುವುದಿಲ್ಲ. ಬೂಷ್ಟು ಹಿಡಿದ ಕಾಳನ್ನು ಹಿಂಡಿ ಕುಟ್ಟಲು ಉಪಯೋಗಿಸಬೇಡಿ, ದನಕ್ಕೂ ಹಾಕಬೇಡಿ, ಹಾಲಿನಲ್ಲಿ ಬರುತ್ತದೆ. ನಮ್ಮ ಹಿರಿಯರು ಹಗೇವಿಗೆ ಜೋಳ ಇಳಿಸುವ ಮೊದಲು ಕಾಳನ್ನು ಹಲ್ಲಿನಲ್ಲಿ ಕಡಿದು ಕಟ್ ಎಂದು ಮುರಿಯುತ್ತದೆಯೇ ಎಂದು ನೋಡುತ್ತಿದ್ದರು. ಒಣಗಿದೆಯೋ ಇಲ್ಲವೋ ಎಂಬ ಆ ಪರೀಕ್ಷೆ ಇವತ್ತಿಗೂ ಸರಿಯಾದದ್ದೇ.

ಸಕ್ಕರೆ ಕಾಯಿಲೆ ಮತ್ತು ಹೊಟ್ಟೆಯ ಬೊಜ್ಜಿನ ಬಗ್ಗೆ ಒಂದೇ ಮಾತು. ಇನ್ಸುಲಿನ್ ಕೂಡ ಬೆಳೆ ಎನ್ನುವ ಸಂಕೇತವೇ, ಮತ್ತು ಮೇದೋಜೀರಕದಿಂದ ಹೊರಟ ಅದು ಮೊದಲು ತಲುಪುವುದು ಲಿವರಿಗೆ. ದೇಹ ಅದಕ್ಕೆ ಸ್ಪಂದಿಸದೆ ಅದರ ಮಟ್ಟ ಏರುತ್ತಲೇ ಹೋದರೆ ಎಕೆಟಿ ಕವಲಿನಲ್ಲಿ ಯಾವಾಗಲೂ ನೀರು. ಕುಡಿಯದ ತಂದೆಗೆ ಯಾಕೆ ಬಂತು ಎಂಬ ಪ್ರಶ್ನೆಗೆ ಈಗೀಗ ಹೆಚ್ಚಾಗಿ ಸಿಗುತ್ತಿರುವ ಉತ್ತರ ಇದು.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: ಕತ್ತರಿಸಿದ ಲಿವರಿಗೆ ಎಲ್ಲಿ ನಿಲ್ಲಬೇಕು ಎಂದು ಹೇಗೆ ಗೊತ್ತಾಗುತ್ತದೆ? ಬಹಳ ಒಳ್ಳೆಯ ಪ್ರಶ್ನೆ. ಪೂರ್ತಿ ಉತ್ತರ ವಿಜ್ಞಾನಕ್ಕೆ ಇನ್ನೂ ಸಿಕ್ಕಿಲ್ಲ. ಒಂದು ದೊಡ್ಡ ಸುಳಿವು 2007ರಲ್ಲಿ ಸಿಕ್ಕಿತು. ಹಣ್ಣಿನ ನೊಣದಲ್ಲಿ ಮೊದಲು ಕಂಡ ಹಿಪ್ಪೊ ಎಂಬ ಸಂಕೇತಮಾಲೆ ಅಂಗದ ಅಳತೆಯನ್ನು ಕಾಯುತ್ತದೆ, ಯಾಪ್ ಎಂಬ ಪ್ರೋಟೀನನ್ನು ಹಿಡಿದು ಕೂರಿಸಿರುತ್ತದೆ. ಇಲಿಯ ಲಿವರಿನಲ್ಲಿ ಯಾಪನ್ನು ಬಿಟ್ಟುನೋಡಿದರು. ಲಿವರ್ ಕೆಲವೇ ವಾರಗಳಲ್ಲಿ ಸುಮಾರು ನಾಲ್ಕು ಪಟ್ಟು ಬೆಳೆದು ಹೊಟ್ಟೆ ತುಂಬಿತು. ಯಾಪನ್ನು ಮತ್ತೆ ಕಟ್ಟಿಹಾಕಿದಾಗ ಲಿವರ್ ಇಳಿದು ಹಳೆಯ ಅಳತೆಗೆ ಬಂತು. ಕಟ್ಟದೇ ಬಿಟ್ಟ ಇಲಿಗಳಲ್ಲಿ ಗಡ್ಡೆ ಎದ್ದವು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯ ರೈತರು ಎದ್ದು ನಿಂತರು. "ಬಾಯಾರೆ, ನಮ್ಮ ನಾಕೆಕರೆ ಸವಳು ಆಗಿತ್ತು. ಬಸಿಗಾಲುವಿ ತಗದು, ನೀರು ಕಡಿಮಿ ಮಾಡಿ, ಐದಾರು ವರ್ಷದಾಗ ಮತ್ತ ಜೋಳ ಬೆಳದೀವಿ. ಲಿವರಿಗೂ ಹಂಗ ಆಗತೈತೇನ್ರಿ? ನನಗ ಬಿ ಅದ, ಗುಳಿಗಿ ತಗೋಳಾಕತ್ತೀನಿ."

ಆಗುತ್ತದೆ ಎಂದೆ. ಸಿರೋಸಿಸ್ ಒಮ್ಮೆ ಬಂದರೆ ಹೋಗುವುದಿಲ್ಲ ಎಂದೇ ನಮಗೆ ಕಲಿಸಿದ್ದರು. ಹೆಪಟೈಟಿಸ್ ಬಿ ವೈರಸ್ಸನ್ನು ಟೆನೋಫೊವಿರ್ ಗುಳಿಗೆಯಿಂದ ಐದು ವರ್ಷ ಅದುಮಿ ಹಿಡಿದು, ಮೊದಲು ಮತ್ತು ಆಮೇಲೆ ಎರಡು ಸಲ ಲಿವರ್ ಚೂರು ತೆಗೆದು ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮೊದಲು ಸಿರೋಸಿಸ್ ಇದ್ದ 96 ಜನರಲ್ಲಿ 71 ಜನರಿಗೆ ಐದು ವರ್ಷದ ನಂತರ ಸಿರೋಸಿಸ್ ಉಳಿದಿರಲಿಲ್ಲ. ಹಗ್ಗಗಳು ಸವೆದು ಎಳೆಗಳಾಗಿದ್ದವು. ಆದರೆ ಹಳೆಯ ನಕಲಿನ ತಪ್ಪುಗಳು ಕೆಲವು ಕೋಶಗಳಲ್ಲಿ ಉಳಿದಿರುತ್ತವೆ. ಕ್ಯಾನ್ಸರಿನ ಅಪಾಯ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಅದಕ್ಕೇ ಗುಳಿಗೆ ಬಿಡಬಾರದು, ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ತಪ್ಪಿಸಬಾರದು. ಎರಡು ಸೆಂಟಿಮೀಟರ್ ಇರುವಾಗ ಸಿಕ್ಕ ಗಡ್ಡೆಯನ್ನು ಕತ್ತರಿಸಿಯೋ ಸುಟ್ಟೋ ತೆಗೆಯಬಹುದು.

"ಆರು ತಿಂಗಳಂದ್ರ ಮರತಹೋಗತೈತಿ," ಎಂದು ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಯುಗಾದಿಗೊಮ್ಮಿ, ದಸರಾಕ್ಕೊಮ್ಮಿ ಅಂತ ಇಟ್ಕೋತೀನ್ರಿ." ಪಕ್ಕದಲ್ಲಿ ಕೂತಿದ್ದ ಅವರ ಮೊಮ್ಮಗ ಆಗಲೇ ಮೊಬೈಲು ತೆಗೆದು ಬರೆದುಕೊಳ್ಳುತ್ತಿದ್ದ.